ಕೈರುವಾನ್, ಮಗ್ರಿಬ್ ಆದ ಮೇಲೆ

ಕಿಟಕಿಗೆ ಕಂಬಳಿ ಬಡಿದೆ. ಆದರೂ
ಬೆಳಕು ಇರುವೆಯ ಹಾಗೆ, ಎಲ್ಲಿಂದಲೋ ಒಳಗೆ.

ರೌದಾ, ಬಿಸಿಲು ನಿನ್ನಣ್ಣನ ತೊಗಲನ್ನೂ ಸುಡುತ್ತದೆ.
ಅವನೊಳಗೆ ರಫೂಗಾರರಿದ್ದಾರೆ:
ಒಂದಕ್ಕೊಂದು ಅಂಟಿಕೊಂಡ ಅಕ್ಷರ ಕತ್ತರಿಸಿ,
ಎದುರಿನ ಎಳೆ ನೋಡಿಕೊಂಡು
ಹೊಸದು ಹೆಣೆಯುತ್ತಾರೆ. ಅವನಿಗೆ ಗೊತ್ತೂ ಆಗದು,
ಕಲ್ಲಂಗಡಿ ತಿನ್ನುತ್ತ ಕೂತಿರುತ್ತಾನೆ.

ನಿನ್ನಲ್ಲಿ ಕತ್ತರಿ ಹಿಡಿಯುವವನೇ ಬರಲಿಲ್ಲವಂತೆ.
ಅರ್ಧ ನನ್ನ ಕಡೆಯಿಂದ, ಅರ್ಧ ನಿನ್ನಪ್ಪನ ಕಡೆಯಿಂದ
ಎಂದಳು ಡಾಕ್ಟರು. ಒಂದೇ ಅಜ್ಜನ ಮೊಮ್ಮಕ್ಕಳು ನಾವು;
ಮದುವೆಯ ದಿನ ಎಲ್ಲರೂ ಹಾಡಿದ್ದರು.

ಮೂಗಿನ ಮೇಲೆ ಹೊಸದೊಂದು ಮಚ್ಚೆ.
ತಿದ್ದದ ತಪ್ಪು ಇನ್ನೊಂದನ್ನು ಕರೆದು ಕೂರಿಸಿಕೊಳ್ಳುತ್ತದೆ.
ಮಗ್ಗದ ಮೇಲಾದರೆ
ನಲವತ್ತು ಸಾಲು ಬಿಚ್ಚಿ
ಕೆಟ್ಟ ಗಂಟಿನ ತನಕ ಹೋಗಬಲ್ಲೆ.

ಬಾಂಗ್ ಆಯಿತು. ಚಪ್ಪಲಿ ಮೆಟ್ಟು.
ಬೀದಿಯ ಬಲ್ಬು ನಿನ್ನಪ್ಪನೇ ಬದಲಿಸಿದ್ದಾನೆ.
ಹಗ್ಗದ ಇನ್ನೊಂದು ತುದಿ ಹಿಡಿದು
ಅಣ್ಣ ಆಗಲೇ ಬೈಯುತ್ತಿದ್ದಾನೆ.