ಏಳನೆಯ ಪೊಟ್ಟಣ

ಗುರುವಾರ ಸಂಜೆ ಲೈಬ್ರರಿಯ ಬಾಗಿಲು ಅರ್ಧ ಎಳೆದು
ನೆಲದ ಮೇಲೆ ಏಳು ಕವರು ಸಾಲಾಗಿ ಹರವುತ್ತೇನೆ.
ಹಳೆಯ ಕ್ಯಾಲೆಂಡರಿನ ಬೆನ್ನಿನಿಂದ ಕತ್ತರಿಸಿದ
ಎರಡು ಕಿವಿ, ಒಂದು ಸೊಂಡಿಲು, ಒಂದು ಬಾಲ,
ಕಾಲಿಗೆ ನಾಲ್ಕು ಬೆಂಕಿಪೊಟ್ಟಣದ ತಟ್ಟೆ,
ಕಣ್ಣಿಗೆ ಎರಡು ಒಣ ಕಾಫಿಬೀಜ.
ಗೋಂದಿನ ಬಿಲ್ಲಿಗೆ ಪಂಚಾಯಿತಿ ಇನ್ನೂ ಸಹಿ ಹಾಕಿಲ್ಲ.
ಅದಕ್ಕೇ ಚೀಟಿ ಇಡುತ್ತೇನೆ:
'ನಾಲ್ಕು ಅಗುಳು ಅನ್ನ ಸಾಕು, ಅಮ್ಮನನ್ನು ಕೇಳಿ.'

ಸುಂಟಿಕೊಪ್ಪದಿಂದ ಬೆಳಗಿನ ಏಳೂವರೆಯ ಬಸ್ಸು.
ಕಂಡಕ್ಟರ್ ಮೊಯ್ದು ಅವನ್ನೆಲ್ಲ ಬಾನೆಟ್ಟಿನ ಮೇಲೆ ಕೂರಿಸಿ
ತಿರುವಿಗೊಂದರಂತೆ ಇಳಿಸುತ್ತಾನೆ.
'ಮೇಡಂ, ಆನೆಗೆ ಅರ್ಧ ಟಿಕೆಟ್ಟೋ ಪೂರ್ತಿಯೋ?'
ಹೋದ ವಾರ ಮೀನಿಗೂ ಇದನ್ನೇ ಕೇಳಿದ್ದ.
ಕೊನೆಯದು ಹೋಗುವುದು ತೋಟದ ರೈಟರ ಕೈಗೆ.
(ನಮ್ಮ ಕಡೆ ರೈಟರ್ ಎಂದರೆ ಕತೆ ಬರೆಯುವವರಲ್ಲ,
ಆಳುಗಳ ಹಾಜರಿ ಬರೆಯುವವರು.)

ಶನಿವಾರ ನಾಲ್ಕು ಗಂಟೆ.
ಯಾರೂ ಓದದ ದಪ್ಪ ನಿಘಂಟಿಗೆ ಫೋನು ಒರಗಿಸಿದರೆ
ಪುಟ್ಟ ಪುಟ್ಟ ಕಿಟಕಿಗಳು ತೆರೆಯುತ್ತವೆ.
ಒಂದರಲ್ಲಿ ಇಫ್ರಾಳ ಹಣೆ ಮಾತ್ರ.
ಒಂದರಲ್ಲಿ ತಿರುಗುವ ಫ್ಯಾನು, ಅದರಡಿ ಎಲ್ಲೋ ಬಿದ್ದಪ್ಪ.
ಒಂದರಲ್ಲಿ ಬೊಳ್ಳುವಿನ ಅಜ್ಜಿ, ಬಾಯ್ತುಂಬ ಎಲೆಯಡಿಕೆ,
ಕತೆಗೆ ಮೊಮ್ಮಗಳಿಗಿಂತ ಮುಂದೆ ಬಂದು ಕೂತವರು.
ಯಾರದೋ ಅಂಗಳದ ಪಲ್ಪರು ಗುಡುಗುಡು ಎನ್ನುತ್ತದೆ.
'ಮ್ಯೂಟ್ ಮಾಡಿ ಮಕ್ಕಳೇ' ಎಂದರೆ
ಎಲ್ಲರೂ ಒಟ್ಟಿಗೆ ಕೂಗುತ್ತಾರೆ: 'ಮಾಡಿದ್ದೇವೆ!'

ಪುಸ್ತಕದ ಆನೆ ನೀಲಿ. ಟೋಪಿ ಇದೆ, ಬಲೂನು ಇದೆ.
ಅದು ಬಾಗಿಲು ತಟ್ಟಿ 'ಒಳಗೆ ಬರಲೇ?' ಎನ್ನುತ್ತದೆ.
'ಕೇಳಲ್ಲ ಅದು,' ಎಂದಿತು ಫ್ಯಾನಿನಡಿಯ ದನಿ.
'ನಮ್ಮ ಗೇಟು ಹಾಗೇ ಮುರೀತು, ಬಾಳೆಗೊನೆಗೆ.'
'ಪಟಾಕಿ ಹೊಡೆದ್ರೂ ಹೋಗ್ಲಿಲ್ಲ,' ಎಂದಿತು ಹಣೆ.
ನಾನು ಪುಟ ತಿರುವಿದೆ.
ಮುಂದಿನ ಪುಟದಲ್ಲಿ ಆನೆ ಚಮಚೆಯಿಂದ ಕೇಕು ತಿನ್ನುತ್ತಿತ್ತು.
ಅಜ್ಜಿ ನಗು ತಡೆಯಲಾರದೆ ಉಗುಳಲು ಎದ್ದುಹೋದರು.

ಕಿಟಕಿಗಳು ಆರು. ಏಳನೆಯದು ಯಾವತ್ತೂ ತೆರೆದಿಲ್ಲ.
ಲೈನ್ ಮನೆಯ ಚಾತಿಗೆ ನಾಲ್ಕು ವರ್ಷ.
ಇರುವ ಒಂದೇ ಫೋನು ಅಪ್ಪನ ಜೇಬಿನಲ್ಲಿ
ಬೆಳಗ್ಗೆಯೇ ಕೊಯ್ಲಿಗೆ ಇಳಿದು
ಕತ್ತಲಾದ ಮೇಲೆ ಮನೆ ಹತ್ತುತ್ತದೆ.
ಆದರೂ ಕವರು ಕಳಿಸುತ್ತೇನೆ.
'ಕತೆಯೇ ಕೇಳದ ಮಗುವಿಗೆ ಇದ್ಯಾಕೆ?'
ರೈಟರು ಒಮ್ಮೆ ಕೇಳಿದ್ದರು.
ಉತ್ತರ ನನಗೂ ಗೊತ್ತಿರಲಿಲ್ಲ.

ಮಂಗಳವಾರ ಅದು ವಾಪಸು ಬಂತು,
ಇರುವೆಗಳ ಸಾಲನ್ನೂ ಕರೆದುಕೊಂಡು. ಅನ್ನದ ಗೋಂದಲ್ಲವೇ.
ಬಿಚ್ಚಿದೆ. ಆನೆ ಎಲ್ಲೂ ಇಲ್ಲ.
ಬೆಂಕಿಪೊಟ್ಟಣಗಳು ಒಂದಕ್ಕೊಂದು ಗೋಡೆ ಕೊಟ್ಟು
ನಾಲ್ಕು ಮನೆಯ ಒಂದು ಲೈನು.
ಕಿವಿಗಳೆರಡೂ ಸೇರಿ ಮಾಡು.
ಸೊಂಡಿಲು ಮಾಡಿನಿಂದ ಎದ್ದು ಬಳುಕುವ ಹೊಗೆ.
ಮೂರನೆಯ ಬಾಗಿಲಲ್ಲಿ ಎರಡು ಕಾಫಿಬೀಜ,
ಒಂದು ಇನ್ನೊಂದಕ್ಕೆ ಒರಗಿ.
ಬಾಲ ಬಾಲವಾಗಿಯೇ ಉಳಿದಿದೆ;
ಅದರ ಮುಂದೆ ಇದ್ದಿಲಲ್ಲಿ ಬರೆದ ನಾಯಿ.

ಆ ಶನಿವಾರ ಪುಸ್ತಕ ತೆರೆಯಲಿಲ್ಲ.
ಅದನ್ನೇ ಫೋನಿನೆದುರು ಹಿಡಿದು ಸುಮ್ಮನಿದ್ದೆ.
ಇಫ್ರಾ ಮೊದಲ ಸಲ ಪೂರ್ತಿ ಮುಖ ತಂದು ನೋಡಿದಳು.
'ಇಲ್ಲಿಗೆ ಆನೆ ಬರಲ್ಲ,' ಎಂದ ಬಿದ್ದಪ್ಪ. 'ನಾಯಿ ಇದೆ.'
'ಬರುತ್ತೆ,' ಎಂದಳು ಬೊಳ್ಳು. 'ನಾಯಿ ಮಲಗಿದೆ.'
ಜಗಳ ಪಲ್ಪರಿಗಿಂತ ಜೋರಾಯಿತು.
ಅಜ್ಜಿಗೆ ಬೇರೆಯೇ ಚಿಂತೆ:
'ಹೊಗೆ ಎದ್ದಿದೆಯಲ್ಲಾ, ಒಲೆ ಮೇಲೆ ಏನಿಟ್ಟಿದ್ದಾಳೆ?'

ನನಗೆ ಗೊತ್ತಿಲ್ಲ ಎಂದೆ.
ಮುಂದಿನ ಕವರಿನಲ್ಲಿ ಕತ್ತರಿಸಿದ ಕಾಗದದ ಜೊತೆ
ಅಜ್ಜಿಯ ಪ್ರಶ್ನೆಯನ್ನೂ ಮಡಚಿ ಇಟ್ಟೆ.

ಹಾಜರಿ ಪುಸ್ತಕದಿಂದ ಹರಿದ ಹಾಳೆ ಬಂತು,
ಗೀಟುಗಳ ಮೇಲೆ ರೈಟರ ಗುಂಡು ಅಕ್ಷರ:
'ಏಡಿ ಸಾರಂತೆ.
ನಾಯಿಗೂ ಉಂಟಂತೆ.'