ಚೀಟಿಯ ಹಿಂಬದಿ

ನನ್ನ ಬಳಿ ಹನ್ನೊಂದು ಹೆಸರುಗಳಿವೆ.
ಒಂದಕ್ಕೂ ಮನೆಯಿಲ್ಲ, ಬಾಗಿಲಿಲ್ಲ, ಒಳಗೆ ದೀಪವಿಲ್ಲ.
ಡಾಟ್ ಕಾಮ್ ಎಂಬ ಬಾಲ ಮಾತ್ರ ಇದೆ,
ವರ್ಷಕ್ಕೊಮ್ಮೆ ಬಾಡಿಗೆ ಕಟ್ಟದಿದ್ದರೆ ಅದೂ
ಹಲ್ಲಿಯ ಬಾಲದ ಹಾಗೆ ಕಳಚಿಕೊಂಡು
ಬೇರೆಯವರ ಅಂಗಳದಲ್ಲಿ ಕುಣಿಯುತ್ತದೆ.

ಕೋಡಿಬಾಗದ ಪ್ರೆಸ್ಸಿನಲ್ಲಿ ಇನ್ನೂರು ಕಾರ್ಡು ಹಾಕಿಸಿದೆ.
ಮುಂದೆ ನಾನು: ದಿಗಂಬರ ಕೊಳಂಬಕರ್, ಫೋನ್ ನಂಬರು.
ಹಿಂದೆ ಖಾಲಿ.
"ಹಿಂದೇನೂ ಬೇಡ್ವಾ? ಎರಡೂ ಬದಿಗೆ ಒಂದೇ ರೇಟು"
ಎಂದ ಪ್ರೆಸ್ಸಿನವ.
ಬೇಡ ಎಂದೆ. ಸಿಕ್ಕವರ ಮುಖ ನೋಡಿ
ಒಪ್ಪುವ ಹೆಸರನ್ನು ಪೆನ್ನಲ್ಲಿ ಬರೆಯುವವ ನಾನು,
ಬಳೆಗಾರ ಕೈ ನೋಡಿ ಅಳತೆ ಹೇಳುವ ಹಾಗೆ.

ಅಂಕೋಲೆ ಬಸ್ಸಿನಲ್ಲಿ, ಬಿಣಗಾ ತಿರುವಿನಲ್ಲಿ
ಪಕ್ಕದವರ ಚೀಲ ನನ್ನ ಕಾಲ ಮೇಲೆ ವಾಲಿತು: ಗೇರುಬೀಜ.
ಕೂಡಲೇ ಬರೆದೆ, ಕಾರವಾರ ಗೇರು ಡಾಟ್ ಕಾಮ್.
ಅವರು ಓದಿದರು, ತಲೆದೂಗಿದರು,
ಉದ್ದಕ್ಕೆ ಮಡಚಿ ಕಿವಿ ಕೆರೆದುಕೊಂಡರು,
ಅಮದಳ್ಳಿಯಲ್ಲಿ ಇಳಿದರು.

ಶಿರವಾಡ ಸ್ಟೇಷನ್ನಿನಲ್ಲಿ ರೈಲು ಎರಡು ತಾಸು ತಡ.
ಒಂದು ಬೆಂಚು, ನಾಲ್ಕು ಜನ, ನಾಲ್ಕು ಕಾರ್ಡು.
ಪಿಯೇದಾದ್ ಬಾಯಿ, ನಿವೃತ್ತ ನರ್ಸು, ಕನ್ನಡಕದ ಮೇಲಿಂದ ಕೇಳಿದರು:
"ಹೆಸರು ಮಾರ್ತೀಯಾ? ನಮ್ಮಲ್ಲಿ ಪಾದ್ರಿ ಪುಕ್ಕಟೆ ಇಡ್ತಾರೆ."
ನಾನು ನಕ್ಕೆ. ಅವರು ನಗಲಿಲ್ಲ.
ಕಾರ್ಡನ್ನು ಪ್ರಾರ್ಥನೆ ಪುಸ್ತಕದಲ್ಲಿ ಗುರುತಿಗಿಟ್ಟರು.
ಈಗಲೂ ಯಾವುದೋ ಎರಡು ಸ್ತೋತ್ರಗಳ ನಡುವೆ
ಫೋನ್ ನಂಬರಿನ ಸಮೇತ ನಾನಿದ್ದೇನೆ.

ಬೈತಖೋಲದಲ್ಲಿ ಬೆಳಿಗ್ಗೆ ಆರಕ್ಕೇ ನಿಂತೆ,
ಬೋಟಿನ ಮಾಲೀಕರಾದರೂ ಸಿಗಲಿ ಎಂದು.
ಸಿಕ್ಕಿದ್ದು ಶೇವಂತಿ ಹರಿಕಂತ್ರ, ಬುಟ್ಟಿಯ ಮುಂದೆ.
"ಎಂತಾ ಮಾರೂದು ನೀನು?"
"ಹೆಸರು."
"ಕೊಳೀತದ್ಯೋ ಅದು?"
"ವರ್ಷಕ್ಕೆ."
"ಹಾಂಗಾರೆ ನಿಂಗೇನು ಅವಸರ? ನಂದು ಮಧ್ಯಾಹ್ನಕ್ಕೇ."
ಐಸಿನ ಕೈಯಲ್ಲೇ ಮೂರು ಕಾರ್ಡು ಎಳೆದುಕೊಂಡು
ಸೊಂಟದ ಸಂಚಿಗೆ ಸೇರಿಸಿದಳು.
ಮುಂಬದಿ ನೋಡಲೇ ಇಲ್ಲ.

ಹತ್ತೊಂಬತ್ತು ದಿನ. ಆಮೇಲೆ ಒಂದು ಫೋನು.
"ಸದಾಶಿವಗಡದಿಂದ ಜುಝೆ ಲೋಪಿಸ್.
ಹೈವೇ ಪಕ್ಕ ಖಾನಾವಳಿ ಹಾಕ್ತಾ ಇದ್ದೇನೆ.
ಮೀನಿನ ಚೀಲದಲ್ಲಿ ನಿಮ್ಮ ಕಾರ್ಡು ಬಂತು.
ಹಿಂದೆ ಬರೆದಿದ್ದೀರಲ್ಲ, ಅದು ಎಷ್ಟಕ್ಕೆ?"
"ಏನಂತ ಬರೆದಿದೆ?"
"ಶೆಟ್ಲಿ ನಲವತ್ತು."

ನನ್ನ ಹನ್ನೊಂದರಲ್ಲಿ ಅದಿಲ್ಲ.
ಅಕ್ಷರ ನನ್ನದಲ್ಲ. ಅದು ಹೆಸರೇ ಅಲ್ಲ,
ಯಾರೋ ಶೆಟ್ಲಿ ಒಯ್ದು ಉಳಿಸಿದ ನಲವತ್ತು ರೂಪಾಯಿ.
"ಒಂದ್ನಿಮಿಷ ತಾಳಿ" ಎಂದು ಕಂಪ್ಯೂಟರಿನಲ್ಲಿ ಹುಡುಕಿದೆ.
ಇಡೀ ಜಗತ್ತಿನಲ್ಲಿ ಯಾರೂ ಅದನ್ನು
ತಮ್ಮದೆಂದು ಹೇಳಿಕೊಂಡಿರಲಿಲ್ಲ.
ಎಂಟುನೂರಕ್ಕೆ ಕೊಂಡೆ, ಒಂಬತ್ತು ಸಾವಿರಕ್ಕೆ ಮಾರಿದೆ.
ಕೊಂಡದ್ದಕ್ಕೂ ಮಾರಿದ್ದಕ್ಕೂ ನಡುವೆ
ಒಂದು ಕೆಮ್ಮು ಇತ್ತು, ಅಷ್ಟೆ.

ಮರುದಿನ ಶೇವಂತಿಯ ಮುಂದೆ ಎರಡು ಸಾವಿರ ಹಿಡಿದು
ಮೊದಲಿನಿಂದ ಕೊನೆಯವರೆಗೆ ಹೇಳಿದೆ.
ಅರ್ಥವಾಗಲಿಲ್ಲವೋ ಏನೋ ಎಂದುಕೊಂಡೆ.
ನೋಟು ಎಣಿಸಿ, ಮತ್ತೆ ಎಣಿಸಿ, ಅವಳೆಂದಳು:
"ಇದೆಲ್ಲ ಸರಿ ಮಾರಾಯಾ. ಬಾಕಿ ಆ ಲೋಪಿಸಂದೇ.
ನೆನಪಿರ್ಲಿ ಅಂತ ಚೀಟಿ ಕಳಿಸಿದ್ದು ನಾನು.
ಅವ ನಿಂಗೆ ಕೊಟ್ಟ, ನಂಗೆ ಕೊಡ್ಲಿಲ್ಲ.
ಆ ನಲವತ್ತು ಬೇರೆ ಕೊಡು."

ಕೊಟ್ಟೆ. ಇನ್ನೂ ಹತ್ತು ಕಾರ್ಡು ಕೇಳಿದಳು, ಅದನ್ನೂ ಕೊಟ್ಟೆ.

ಕಾರವಾರ ಗೇರಿನ ಅವಧಿ ಮೊನ್ನೆ ಮುಗಿಯಿತು,
ಬಾಡಿಗೆ ಕಟ್ಟಲಿಲ್ಲ.
ಕಾಳಿ ಸೇತುವೆ ದಾಟಿದರೆ ಬೋರ್ಡು ಕಾಣುತ್ತದೆ,
ನೀಲಿಯ ಮೇಲೆ ಬಿಳಿ: ಶೆಟ್ಲಿ ನಲವತ್ತು.
ಗೋವಾ ಕಡೆ ಹೋಗುವವರು ಕಾರು ನಿಲ್ಲಿಸಿ
ನಲವತ್ತಕ್ಕೆ ಎಷ್ಟು ಶೆಟ್ಲಿ ಕೊಡ್ತೀರಿ ಎಂದು ಕೇಳುತ್ತಾರಂತೆ.
ಜುಝೆ ಬೇಸರಿಸುವುದಿಲ್ಲ.
ಅದು ರೇಟಲ್ಲ ಸಾರ್, ಅನ್ನುತ್ತಾನಂತೆ,
ನಮ್ಮ ಅಜ್ಜನ ಕಾಲದಿಂದ ಬಂದ ಹೆಸರು.