ನೀರು ಹೇಳಿದ ಚಾಡಿ

ಬಾಟಲಿ ಮುಳುಗಿಸುವಾಗ ಬಾಯಿ ಎದುರು ಹರಿವಿಗಿರಬೇಕು,
ನಮ್ಮ ಕೈ, ನಮ್ಮ ಬೆವರು, ನಮ್ಮ ಮಾತಿನ ಎಂಜಲು
ಎಲ್ಲವೂ ಅದರ ಬೆನ್ನ ಹಿಂದೆ.
ಹೀಗೆಂದು ನನ್ನ ಕೈಪಿಡಿಯಲ್ಲಿ ಬರೆದಿತ್ತು.
ದುಂಡನೆಯ ಹರಿಗೋಲಿಗೆ ಮುಂದೂ ಇಲ್ಲ ಹಿಂದೂ ಇಲ್ಲ,
ಆದರೂ ಗಾದಿಲಿಂಗಪ್ಪ ಕೈಪಿಡಿ ಓದದೆಯೇ
ಅದರ ಮುಖವನ್ನು ಹೊಳೆಯ ಕಡೆಗೆ ತಿರುಗಿಸಿ ನಿಲ್ಲಿಸಿದ.

ಕಂಪ್ಲಿ ಕೋಟೆಯ ಕೆಳಗೆ, ಮಾರ್ಚಿ.
ಬಂಡೆಗಳ ಬೆನ್ನು ಒಣಗಿತ್ತು.
ಸೇತುವೆಯ ಮೇಲೆ ಗಂಗಾವತಿಯ ಕಡೆಗೆ ಭತ್ತದ ಲಾರಿ.
ಒಂದು ಲೀಟರು ನೀರು, ದಪ್ಪ ಸಿರಿಂಜು,
ತುದಿಗೆ ರೂಪಾಯಿ ಬಿಲ್ಲೆಯಗಲದ ಬಿಳಿ ಹಾಳೆ.
ಮುನ್ನೂರು ಮಿಲಿ ಇಳಿಯುವಷ್ಟರಲ್ಲಿ ಕೆಸರು ಕಟ್ಟಿತು,
ನನ್ನ ಅಂಗೈಯಲ್ಲಿ ಬೊಬ್ಬೆ ಎದ್ದಿತು.

"ಇಷ್ಟು ಸಣ್ಣ ಕಣ್ಣಿನ ಬಲಿ ನಾ ನೋಡಿಲ್ಲ ಬಿಬಿ.
ಏನು ಬೀಳ್ತೈತಿ ಇದಕ?"

ಮೀನಿನ ಲೋಳೆ, ಆಮೆ ಚರ್ಮದ ಹೊಟ್ಟು,
ಕೊಕ್ಕರೆಯ ಹಿಕ್ಕೆ, ಉಚ್ಚೆ, ಜೊಲ್ಲು,
ಹೊಳೆಗಿಳಿದವರು ಬಿಟ್ಟುಹೋದದ್ದೆಲ್ಲ, ಎಂದೆ.
ಪ್ರಾಣಿ ಕಣ್ಣಿಗೆ ಬೀಳಬೇಕಾಗಿಲ್ಲ,
ನಾಕು ದಿನದ ಹಿಂದೆ ಹಾದುಹೋಗಿದ್ದರೂ ಸಾಕು.
ಬೀಡಿಯನ್ನು ಕಿವಿಗೆ ಸಿಕ್ಕಿಸಿ ನಕ್ಕ:
"ಅಂದ್ರ ಹೊಳಿ ಚಾಡಿ ಹೇಳ್ತೈತಿ ಅನ್ನು."

ನೀರುನಾಯಿ ಅದಾವೇನು ಇಲ್ಲಿ?
"ಇಲ್ಲ. ಹತ್ತು ವರ್ಸ ಆತು. ಮ್ಯಾಲೆ ಎಲ್ಲೋ ಅದಾವಂತ."
ಹೇಳುವಾಗ ಹುಟ್ಟನ್ನು ಬಲಗೈಯಿಂದ ಎಡಗೈಗೆ ದಾಟಿಸಿದ.
ನಾನು ಬರೆದುಕೊಂಡೆ: ಸ್ಥಳೀಯರ ಪ್ರಕಾರ ಇಲ್ಲ.

ಕೊಳವೆಯ ಮೇಲೆ: ಕಂಪ್ಲಿ, ರಮಿಜಾಬಿ, ತಾರೀಕು.
ಜೊತೆಗೊಂದು ಸಾಕ್ಷಿ ಬಾಟಲಿ, ಬರೀ ಶುದ್ಧ ನೀರಿನದು.
ಅದರಲ್ಲಿ ಏನೂ ಸಿಗಬಾರದು.
ಸಿಕ್ಕರೆ ತಪ್ಪು ನನ್ನದು.

ಜೂನಿನಲ್ಲಿ ಎಂಟು ಪುಟ ಬಂದವು.
ಬಾಳೆಮೀನು, ಕೊರವ, ಹೇರಳ ಜಿಲೇಬಿ,
ಮೆತ್ತನೆ ಬೆನ್ನಿನ ಆಮೆ. ಎಮ್ಮೆ. ಕೋಳಿ.
ಬಂಗುಡೆ!
ಕಡಲಿನ ಮೀನು ತುಂಗಭದ್ರೆಯಲ್ಲಿ?
ಸ್ವಲ್ಪ ಹೊತ್ತಿಗೆ ನೆನಪಾಯಿತು,
ಮೆಟ್ಟಿಲ ಮೇಲೆ ಕೂತು ಬೂದಿ ಹಚ್ಚಿ
ಪಾತ್ರೆ ತಿಕ್ಕುತ್ತಿದ್ದ ಹೆಂಗಸರು, ಸಂತೆಯ ಒಣಮೀನು.
ಆಮೇಲೆ ಹನ್ನೆರಡನೆಯ ಸಾಲು: ನೀರುನಾಯಿ.
ಮೂರು ಬಾಟಲಿಗೆ ಮೂರರಲ್ಲೂ.
ಸಾಕ್ಷಿ ಬಾಟಲಿ ಸ್ವಚ್ಛ.

ಕಚೇರಿಯಲ್ಲಿ ಪೇಡೆ ಹಂಚಿದರು. ನಾನೂ ತಿಂದೆ.
ಯಾರೋ ನಕ್ಷೆ ಬಿಡಿಸಿ
ಹಸಿರು ಗೆರೆಯನ್ನು ಕೋಟೆಯ ತನಕ ಜಗ್ಗಿದರು.
ಗೆರೆಯ ಒಳಗೆ ಬಲೆ ಬೀಸುವಂತಿಲ್ಲ.

ಕಾಗದ ಹಿಡಿದು ಹೋದಾಗ ಆತ ಬಲೆ ಹೆಣೆಯುತ್ತಿದ್ದ.
ಮುಷ್ಟಿಗಾತ್ರದ ತೂತುಗಳು, ಅಂಚಿನಲ್ಲಿ ಹಲ್ಲಿನ ಗುರುತು.
ನನ್ನ ಕಣ್ಣು ಎಲ್ಲಿ ನಿಂತಿತೆಂದು ಆತ ಕಂಡ.

"ಏನಂತು ಹೊಳಿ?"
ಅದಾವಂತ.
"ಎಷ್ಟಂತ?"
ಎಷ್ಟು ಅಂತ ಹೇಳಂಗಿಲ್ಲ ಅದು.
"ಐದು," ಎಂದ. "ಅದರಾಗ ಎರಡು ಮರಿ.
ಒಂದರ ಕಿವಿ ಹರದೈತಿ, ಅದು ಭಾಳ ಕಳ್ಳ.
ಅಗಸರ ಗುಂಡಿನ ಹಿಂದ ಮಲಗ್ತಾವ.
ನನ್ನ ಕೇಳಿದ್ರಿ, ಸುಳ್ಳು ಹೇಳಿದೆ.
ನೀರಿಗೆ ಹೊಟ್ಟಿ ಇಲ್ಲ ನೋಡು,
ಖರೇ ಹೇಳ್ತು."

ನಾನು ಏನೋ ಹೇಳಲು ಹೋದೆ, ಪರಿಹಾರ, ಅರ್ಜಿ, ಸಭೆ.
ಆತ ದಾರವನ್ನು ಹಲ್ಲಿನಲ್ಲಿ ಕಡಿದ.
"ಅದರಾಗ ಇನ್ನೂ ಏನೈತಿ, ಓದು."

ಓದಿದೆ. ಒಂದೊಂದು ಹೆಸರಿಗೂ ತಲೆದೂಗಿದ,
ಹಾಜರಿ ಕರೆಯುವಾಗ ಮಕ್ಕಳ ಪರವಾಗಿ ಓ ಎನ್ನುವವನಂತೆ.
ಬಂಗುಡೆಗೆ ನಕ್ಕ: "ಅದು ನಮ್ಮನಿದು."
ಆಮೇಲೆ ಎಲ್ಲಕ್ಕೂ ಮೇಲೆ, ಮೊದಲ ಸಾಲಿನ ಕಪ್ಪು ಗೀಟಿನ ಮೇಲೆ
ಬೆರಳಿಟ್ಟ.

"ಇದ್ಯಾವ ಪ್ರಾಣಿ?"

ಮನುಷ್ಯ.
ಎಲ್ಲಾರಿಗಿಂತ ಜಾಸ್ತಿ ಸಿಗ್ತಾನ.
ಲೆಕ್ಕಕ್ಕ ಬ್ಯಾಡಂತ ಹೊಡದುಹಾಕ್ತಾರ.

ಹೆಬ್ಬೆರಳನ್ನು ಅಲ್ಲೇ ಸ್ವಲ್ಪ ಹೊತ್ತು ಒತ್ತಿದ.
ತೆಗೆದಾಗ ಕಾಗದದ ಮೇಲೆ ಒದ್ದೆ ಗುರುತು,
ನಾನು ನೋಡುತ್ತಿದ್ದಂತೆಯೇ ಆರತೊಡಗಿತು.
ಆತ ಬಲೆಯನ್ನು ಮತ್ತೆ ಮಡಿಲಿಗೆ ಎಳೆದುಕೊಂಡ.
ಇನ್ನೂ ಎರಡು ತೂತು ಬಾಕಿ ಇದ್ದವು.